ಚನ್ನಕೇಶವಯ್ಯನ ಪೆನ್ನುಗಳಿಗೆ ಆಯುಧಪೂಜೆ

ಮತ್ತಿಕೆರೆಯಲ್ಲಿ ಹೊಸದಾಗಿ ಶುರುವಾಗಲಿದ್ದ ಮಹಿಳಾ ಸಮಾಜದ ಪುಸ್ತಕದಲ್ಲಿ ತನ್ನ ಹೆಂಡತಿ ಸುಬ್ಬಮ್ಮ ರುಜು ಹಾಕಲೇಬೇಕು, ಅದನ್ನು ತನ್ನ ಚಿನ್ನದ ನಿಬ್ಬಿನ ಪೆನ್ನಿನಲ್ಲೇ ಹಾಕಬೇಕು, ಹಾಕುವುದನ್ನು ಊರೆಲ್ಲ ಬಾಯಿ ಬಿಟ್ಟುಕೊಂಡು ನೋಡಬೇಕು ಎಂದು ಚನ್ನಕೇಶವಯ್ಯ ಪಣ ತೊಟ್ಟಿದ್ದ. ಊರು ಬಾಯಿ ಬಿಟ್ಟುಕೊಂಡು ನೋಡಿದ್ದೇನೋ ನಿಜ. ಉಳಿದದ್ದು ಅವನು ಎಣಿಸಿದ ಹಾಗೆ ಆಗಲಿಲ್ಲ.

ಚನ್ನಕೇಶವಯ್ಯ ಜಾಲಹಳ್ಳಿಯ ಕಾರ್ಖಾನೆಯೊಂದರ ಉಗ್ರಾಣದಲ್ಲಿ ಗುಮಾಸ್ತ. ಹಗಲೆಲ್ಲ ನಟ್ಟು, ಬೋಲ್ಟುಗಳ ಬಾಬತ್ತು ಬರೆದು ಸೈಕಲ್ ತುಳಿದು ಮನೆಗೆ ಬಂದರೆ ಅವನ ನಿಜವಾದ ಬಾಳು ಆರಂಭವಾಗುತ್ತಿತ್ತು. ಬಿಸ್ಕತ್ತಿನ ಡಬ್ಬಿಯೊಳಗೆ ಹೆಂಡತಿಯ ಹೊಸ ರವಿಕೆ ಕಣ ಹಾಸಿ, ಅದರ ಮೇಲೆ ತನ್ನ ಪೆನ್ನುಗಳನ್ನು ಮಲಗಿಸಿದ್ದ. ರವಿಕೆ ಕಣ ಕಳೆದುಹೋಗಿದೆ ಎಂದು ಆಕೆ ತಿಂಗಳುಗಟ್ಟಲೆ ಹುಡುಕಿದ್ದಳು. ಕರಿ ಪೆನ್ನು, ಹಸಿರು ಪೆನ್ನು, ಆಮೆಚಿಪ್ಪಿನ ಬಣ್ಣದ ಪೆನ್ನು. ಎಲ್ಲಕ್ಕೂ ಮಹಾರಾಜನ ಹಾಗೆ ನಡುವೆ ಚಿನ್ನದ ನಿಬ್ಬಿನ ಪೆನ್ನು. ಅದನ್ನು ಕಾರ್ಖಾನೆಯ ವಿದೇಶಿ ಇಂಜಿನಿಯರೊಬ್ಬ ತನ್ನ ದೇಶಕ್ಕೆ ಹೊರಡುವಾಗ ಕೊಟ್ಟು ಹೋಗಿದ್ದ. ಕಚೇರಿಯಲ್ಲಿ ಯಾರಾದರೂ "ಸ್ವಲ್ಪ ಪೆನ್ ಕೊಡಿ ಸಾರ್" ಎಂದರೆ ಚನ್ನಕೇಶವಯ್ಯ ಪೆನ್ಸಿಲ್ ಕೊಡುತ್ತಿದ್ದ. ಬೇರೆಯವರ ಕೈಗೆ ಹೋದರೆ ನಿಬ್ಬು ದಾರಿ ತಪ್ಪುತ್ತದೆ ಎಂಬುದು ಅವನ ಸಿದ್ಧಾಂತ.

ಮಸಿಯನ್ನೂ ತಾನೇ ಮಾಡುತ್ತಿದ್ದ. ಮಸಿ ಮಾತ್ರೆಗಳನ್ನು ಮಳೆನೀರಿನಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಕಿಟಕಿಯಲ್ಲಿ ಸಾಲಾಗಿ ಇಟ್ಟು, ಬೆಳಕಿಗೆ ಹಿಡಿದು ನೋಡಿ ತಲೆದೂಗುತ್ತಿದ್ದ. ಒಳ್ಳೆಯ ಕಾಗದದ ನೋಟುಪುಸ್ತಕಗಳನ್ನೂ ಕೂಡಿಟ್ಟಿದ್ದ. ಕಾಗದ ಹಾಳಾದೀತೆಂದು ಒಂದೊಂದರ ಮೊದಲ ಪುಟದಲ್ಲಿ 'ಶ್ರೀ' ಎಂದು ಬರೆದದ್ದು ಬಿಟ್ಟರೆ ಮತ್ತೇನನ್ನೂ ಬರೆದಿರಲಿಲ್ಲ. ಬರೆಯುವಂಥದ್ದೇನೂ ತನ್ನಲ್ಲಿಲ್ಲ ಎಂಬ ಸಂಗತಿ ಅವನಿಗೆ ಒಮ್ಮೊಮ್ಮೆ ಹೊಳೆದು ಮನಸ್ಸಿಗೆ ಮಂಕು ಕವಿಯುತ್ತಿತ್ತು. ಆಗ ಇನ್ನೊಂದು ಬಾಟಲಿ ಮಸಿ ಕಲಸುತ್ತಿದ್ದ.

ಸುಬ್ಬಮ್ಮ ಶೆಟ್ಟಿಹಳ್ಳಿಯ ಹೆಣ್ಣು. ಶಾಲೆಯ ಮುಖ ಕಂಡವಳಲ್ಲ. ರುಜು ಎಂದರೆ ಆಕೆಗೆ ಹೆಬ್ಬೆಟ್ಟು. ಅದರ ಬಗ್ಗೆ ಆಕೆ ಎಂದೂ ದುಃಖ ಹೇಳಿಕೊಂಡವಳಲ್ಲ, ಆದರೆ ಹೆಬ್ಬೆಟ್ಟು ಒತ್ತಿ ಬಂದ ದಿನ ಬೆರಳನ್ನು ಸೀಗೆಪುಡಿ ಹಾಕಿ ಕೆಂಪಾಗುವವರೆಗೂ ಉಜ್ಜುತ್ತಿದ್ದಳು. ಆ ವರ್ಷ ಕಂಟ್ರಾಕ್ಟರ್ ಆನಂದಪ್ಪನವರ ಪತ್ನಿ ಅಂಜನಮ್ಮನವರು ಮಹಿಳಾ ಸಮಾಜ ಕಟ್ಟಲು ಹೊರಟರು. ವಿಜಯದಶಮಿಯ ಬೆಳಗ್ಗೆ ಆರಂಭ. ಎರಡು ಪುಟ ಇರುತ್ತದೆ, ರುಜು ಬರುವವರು ಕಮಿಟಿಯ ಪುಟಕ್ಕೆ, ಹೆಬ್ಬೆಟ್ಟಿನವರು ಸದಸ್ಯರ ಪುಟಕ್ಕೆ ಎಂದು ಮನೆಮನೆಗೂ ಹೇಳಿಕಳಿಸಿದರು.

"ನಂಗೆ ಕಮಿಟೀಲಿ ಇರ್ಬೇಕು ರೀ," ಎಂದಳು ಸುಬ್ಬಮ್ಮ. ಮದುವೆಯಾದ ಮೇಲೆ ಆಕೆ ಗಂಡನನ್ನು ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ.

"ಅಷ್ಟೇ ತಾನೆ? ನಾನಿಲ್ವೇನೇ?"

ಅಂದಿನಿಂದ ಪಾಠ. ಮೊದಲ ವಾರವೆಲ್ಲ ಅವನು ಹೇಳಿಕೊಟ್ಟದ್ದು ಪೆನ್ನನ್ನು ಎಷ್ಟು ವಾಲಿಸಿ ಹಿಡಿಯಬೇಕು ಎಂಬುದನ್ನು ಮಾತ್ರ. ಅದೂ ಪೆನ್ನಿಲ್ಲದೆ, ಹಂಚಿಕಡ್ಡಿ ಕೊಟ್ಟು. "ಅಕ್ಷರ ಯಾವಾಗ ರೀ?" ಎಂದು ಆಕೆ ಕೇಳಿದ ಮೇಲೆ ಅಕ್ಷರಕ್ಕೆ ಬಂದ. ಸ್ಲೇಟಿನ ಮೇಲೆ ತಿದ್ದಿ ತಿದ್ದಿ, ಒಲೆ ಮುಂದೆ ಬೂದಿಯಲ್ಲಿ ಗೀಚಿ, ಸುಬ್ಬಮ್ಮ ತನ್ನ ಹೆಸರನ್ನು ದಕ್ಕಿಸಿಕೊಂಡಳು. ಒಂದು ಸಂಜೆ ಯಾವ ಸಹಾಯವೂ ಇಲ್ಲದೆ ಪೂರ್ತಿ ಬರೆದು, ಸ್ಲೇಟನ್ನು ದೂರ ಹಿಡಿದು, "ಇದು ನಾನೇನಾ?" ಎಂದು ಕೇಳಿದಳು. ಚನ್ನಕೇಶವಯ್ಯ ಸ್ಲೇಟನ್ನು ಇಸಿದುಕೊಂಡು ಎರಡೆರಡು ಸಲ ಓದಿದ.

"ಯಾರ್ಗೂ ಹೇಳ್ಬೇಡ," ಎಂದ. "ಆ ದಿನ ಎಲ್ರ ಎದುರಿಗೆ ಚಿನ್ನದ ಪೆನ್ ತಗೊಂಡು ಸರ್ರಂತ ಹಾಕ್ಬೇಕು. ಆ ಅಂಜನಮ್ಮ ಕುರ್ಚಿಯಿಂದ ಬೀಳ್ಬೇಕು."

"ಚಿನ್ನದ ಪೆನ್ ಯಾಕೆ? ಯಾವ್ದೋ ಒಂದು ಸಾಕು."

"ನಿಂಗೆ ತಿಳಿಯಲ್ಲ ಸುಮ್ನಿರು."

ಆಕೆ ಯಾರಿಗೂ ಹೇಳಲಿಲ್ಲ.

ಆ ಸಲದ ದಸರಾ ಮೋಡ ಮುಚ್ಚಿಕೊಂಡೇ ಬಂತು. ಆಯುಧಪೂಜೆಯ ದಿನ ಕಾರ್ಖಾನೆಯಲ್ಲಿ ಲೇತುಗಳಿಗೆಲ್ಲ ಗಂಧ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು, ಪುರಿ ಹಂಚಿದರು. ಅದನ್ನು ನೋಡಿ ಬಂದ ಚನ್ನಕೇಶವಯ್ಯನಿಗೆ ದುರ್ಬುದ್ಧಿ ಹುಟ್ಟಿತು. ಬೆಂಚಿನ ಮೇಲೆ ಪೆನ್ನುಗಳನ್ನು ಸಾಲಾಗಿ ಜೋಡಿಸಿ, ಎಲ್ಲದರ ಮುಚ್ಚಳ ತೆಗೆದು, ಗಂಧ ತೇಯಲು ಕೂತ.

"ಮುಚ್ಚಳದ್ಮೇಲೆ ಇಟ್ರೆ ಸಾಲ್ದಾ ರೀ?" ಎಂದಳು ಸುಬ್ಬಮ್ಮ.

"ಲೇತಿಗೆ ಪೂಜೆ ಮಾಡೋರು ಅದರ ಮೇಲೆ ಹೊದಿಸೋ ಗೌಸಿಗೆ ಕುಂಕುಮ ಇಡ್ತಾರೇನೇ? ಕೆಲಸ ಮಾಡೋ ಜಾಗಕ್ಕೇ ಇಡ್ಬೇಕು."

ನಿಬ್ಬು ನಿಬ್ಬಿಗೂ ಗಂಧ ಬಳಿದ, ಗಂಧದ ಮೇಲೆ ಅರಿಶಿನ ಕುಂಕುಮ ಇಟ್ಟ. ಚಿನ್ನದ ನಿಬ್ಬಿಗೆ ಭಕ್ತಿ ಉಕ್ಕಿ ಎರಡು ಸಲ ಬಳಿದ. ಕರ್ಪೂರ ಬೆಳಗಿ ಅಡ್ಡಬಿದ್ದ. ಪೂಜೆಗಿಟ್ಟ ಆಯುಧವನ್ನು ಮಾರನೆಯ ದಿನ ಮರುಪೂಜೆ ಆಗುವವರೆಗೆ ಮುಟ್ಟುವಂತಿಲ್ಲವಲ್ಲ! ಗಂಧ ಹಾಗೇ ಒಣಗಿ ಗಾರೆಯಾಯಿತು.

ವಿಜಯದಶಮಿಯ ಬೆಳಗ್ಗೆ ಪೂಜೆ ಮುಗಿಸಿ ಚಿನ್ನದ ಪೆನ್ನು ಹಿಡಿದರೆ ಅದು ಕಾಗದದ ಮೇಲೆ ಬರೀ ಗೀರು ಎಳೆಯಿತು. ಉಳಿದವುಗಳ ಪಾಡೂ ಅದೇ. ಎಲ್ಲವೂ ಹಣೆ ತುಂಬ ಕುಂಕುಮ ಇಟ್ಟುಕೊಂಡು ಮೌನವ್ರತ ಹಿಡಿದಿದ್ದವು. ಚನ್ನಕೇಶವಯ್ಯ ಚಿನ್ನದ ಪೆನ್ನಿನ ನಿಬ್ಬನ್ನು ಎಳೆದು ತೆಗೆದು, ಪೆನ್ನಿನ ಮೂತಿಯನ್ನು ಹಂಡೆಯ ಕುದಿಯುವ ನೀರಿನಲ್ಲಿ ಅದ್ದಿದ. ಗಂಧ ಬಿಟ್ಟಿತು, ಜತೆಗೆ ಮೂತಿಯೂ ಮೆತ್ತಗಾಗಿ ಹಿಗ್ಗಿತು. ನಿಬ್ಬನ್ನು ಮತ್ತೆ ಕೂಡಿಸಿದಾಗ ಅದು ಬಿಗಿಯಾಗಿ ನಿಲ್ಲದೆ ಲೊಡಲೊಡ ಎಂದಿತು.

"ಅಲ್ಲಾಡ್ತಿದೆಯಲ್ಲ," ಎಂದಳು ಸುಬ್ಬಮ್ಮ, ಬಾಗಿಲಲ್ಲಿ ಹಸಿರು ಸೀರೆ ಉಟ್ಟು ನಿಂತು. "ಅಲ್ಲಿ ಯಾರ್ದಾದ್ರೂ ಪೆನ್ ಇರುತ್ತೆ. ಇದು ಬೇಡ ಬನ್ನಿ."

"ಊರೋರ ಪೆನ್ನಲ್ಲಿ ನನ್ ಹೆಂಡ್ತಿ ರುಜು ಹಾಕೋದಾ?"

ಫಿಲ್ಲರಿನಿಂದ ಪೆನ್ನಿನ ತುಂಬ ಮಸಿ ಹೊಯ್ದು, ಸೋರದಿರಲೆಂದು ತಿರುಪಿನ ಮರೆಗೆ ಸೋಪು ಸವರಿ, ಜೇಬಿಗೆ ಸಿಕ್ಕಿಸಿಕೊಂಡು ಹೊರಟ. ಸಮಾಜದ ಕೊಠಡಿ ಮುಟ್ಟುವ ಹೊತ್ತಿಗೆ ಅವನ ಎದೆಯ ಮೇಲೆ ಅಂಗೈಯಗಲದ ನೀಲಿ ಕೆರೆಯೊಂದು ಹರಡಿತ್ತು. ಅವನು ಅದನ್ನು ಕೈಯಿಂದ ಮುಚ್ಚಿಕೊಂಡು, ದೇಶಭಕ್ತನ ಹಾಗೆ ನಿಂತ.

ಹೆಂಗಸರೆಲ್ಲ ಚಾಪೆಯ ಮೇಲೆ, ಗಂಡಸರು ಗೋಡೆಯುದ್ದಕ್ಕೆ. ಮೇಜಿನ ಹಿಂದೆ ಅಂಜನಮ್ಮನವರು, ಕೆನೆಬಣ್ಣದ ರೇಷ್ಮೆ ಸೀರೆ. ಕಮಿಟಿಯ ಪುಟದಲ್ಲಿ ನಾಲ್ಕಾರು ರುಜು ಬಿದ್ದ ಮೇಲೆ ಸುಬ್ಬಮ್ಮನ ಸರದಿ ಬಂತು. ಎಲ್ಲರೂ ಕತ್ತು ಉದ್ದ ಮಾಡಿ ನೋಡಿದರು. ಚನ್ನಕೇಶವಯ್ಯ ಮುಂದೆ ಹೋಗಿ, ಎರಡೂ ಕೈಯಲ್ಲಿ ಪೆನ್ನು ಒಪ್ಪಿಸಿ, ಪಕ್ಕದಲ್ಲೇ ನಿಂತ.

ಸುಬ್ಬಮ್ಮ ಹೇಳಿಕೊಟ್ಟಷ್ಟೇ ವಾಲಿಸಿ ಹಿಡಿದಳು. ನಿಬ್ಬು ಕಾಗದ ಮುಟ್ಟಿದ್ದೇ ತಡ, ಒಳಗಿದ್ದ ಮಸಿಯೆಲ್ಲ ದಡದಡ ಇಳಿಯಿತು. ಮೊದಲ ಅಕ್ಷರ ಹುಟ್ಟುವ ಮುಂಚೆಯೇ ಮುಳುಗಿತು. ಆಕೆ ಗಾಬರಿಯಿಂದ ಪೆನ್ನನ್ನು ಮೇಲೆತ್ತಿದಳು. ಧಾರೆ ಅಂಜನಮ್ಮನವರ ಕೆನೆಬಣ್ಣದ ಸೆರಗಿನ ಮೇಲೆ ಹರಿಯಿತು.

"ಅದೇನವ್ವಾ ಇಂಗೆ ಸುರೀತೈತೆ, ಪೆನ್ನಾ ಕೊಳಾಯಾ?" ಎಂದಳು ಮುಂದಿನ ಸಾಲಿನ ದೊಡ್ಡಮುನಿಯಮ್ಮ. ಇಡೀ ಕೊಠಡಿ ನಕ್ಕಿತು.

ಅಷ್ಟರಲ್ಲಿ ಟಿಣ್ ಎಂಬ ಸಣ್ಣ ಸದ್ದು. ನಿಬ್ಬು ಕಳಚಿ ನೆಲಕ್ಕೆ ಬಿದ್ದು ಪುಟಿದು ಎಲ್ಲಿಗೋ ಹೋಯಿತು. ಚನ್ನಕೇಶವಯ್ಯನಿಗೆ ಆಮೇಲೆ ಬೇರೇನೂ ಕೇಳಿಸಲಿಲ್ಲ. "ಯಾರೂ ಕಾಲು ಅಲ್ಲಾಡಿಸ್ಬೇಡಿ" ಎಂದು ಕೂಗಿ ಮೇಜಿನ ಕೆಳಗೆ ನುಗ್ಗಿದ. ಕಾಲುಗಳ ನಡುವೆ, ಚಪ್ಪಲಿಗಳ ನಡುವೆ, ಉದುರಿದ ಹೂವಿನ ನಡುವೆ ಕೈಯಾಡಿಸಿದ. ಮೇಜಿನ ಹಿಂದಿನ ಕಾಲಿನ ಮೂಲೆಯಲ್ಲಿ ಚಿನ್ನ ಮಿನುಗಿತು. ತುದಿ ಒಂದು ಕೂದಲಿನಷ್ಟು ಸೊಟ್ಟಗಾಗಿತ್ತು, ಅಷ್ಟೆ. ಪಂಚೆಯ ತುದಿಯಿಂದ ಒರೆಸಿ, ಉಗುರಿನ ಮೇಲೆ ಒತ್ತಿ ನೋಡಿದ ಮೇಲೆ ಅವನಿಗೆ ಜೀವ ಬಂದಂತಾಯಿತು.

"ಸಿಕ್ತು," ಎಂದು ನಿಬ್ಬನ್ನು ಎತ್ತಿ ಹಿಡಿದು ಎದ್ದ.

ಯಾರೂ ಅವನತ್ತ ನೋಡುತ್ತಿರಲಿಲ್ಲ. ಅಂಜನಮ್ಮನವರು ಒಳ್ಳೆಯ ಹೆಂಗಸು. ಸೀರೆ ಹಾಳಾಗಿದ್ದರೂ ಒಂದು ಬಿರುಸು ಮಾತಾಡಿರಲಿಲ್ಲ. ಸುಬ್ಬಮ್ಮನ ಮಸಿ ಮೆತ್ತಿದ ಕೈ ನೋಡಿ ಮರುಕಪಟ್ಟು, "ಬರಿಯೋಕೆ ಬರ್ದಿದ್ರೆ ಹೇಳ್ಬಾರ್ದೇನಮ್ಮ, ಇದ್ರಲ್ಲಿ ನಾಚ್ಕೆ ಏನು?" ಎಂದು ಮೃದುವಾಗಿ ಹೇಳಿ ಪುಸ್ತಕದ ಇನ್ನೊಂದು ಪುಟ ತಿರುಗಿಸಿದ್ದರು. ಅಲ್ಲಿ ಹೆಬ್ಬೆಟ್ಟು ಆಗಲೇ ಬಿದ್ದಾಗಿತ್ತು. ಅದರ ಪಕ್ಕದಲ್ಲಿ ಅಂಜನಮ್ಮನವರೇ ತಮ್ಮ ಗುಂಡು ಅಕ್ಷರದಲ್ಲಿ ಸುಬ್ಬಮ್ಮನ ಹೆಸರು ಬರೆಯುತ್ತಿದ್ದರು.

ಚನ್ನಕೇಶವಯ್ಯ ನಿಜ ಹೇಳಲೆಂದು ಬಾಯಿ ತೆರೆದ. ಆ ಹೊತ್ತಿಗೆ "ಮುಂದಿನೋರು ಬನ್ನಿ" ಎಂದು ಕರೆದಾಯಿತು, ದೊಡ್ಡಮುನಿಯಮ್ಮ ಸೆರಗು ಸರಿಮಾಡಿಕೊಂಡು ಎದ್ದಾಯಿತು. ಅವನು ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡ.

ಮನೆಯ ಕಡೆ ಇಬ್ಬರೂ ಜಿನುಗು ಮಳೆಯಲ್ಲೇ ನಡೆದರು. ರಾಗಿ ಹೊಲದ ಬದುವಿನ ಮೇಲೆ ಆಕೆ ಮುಂದೆ, ಅವನು ಹಿಂದೆ. ಮಸಿಯಾದ ಕೈಯನ್ನು ಆಕೆ ಸೀರೆಗೆ ತಾಗದ ಹಾಗೆ ದೂರ ಹಿಡಿದುಕೊಂಡಿದ್ದಳು. ಅವನಿಗೆ ತನ್ನ ಮೇಲೆ ಬಂದ ಸಿಟ್ಟನ್ನು ಯಾರ ಮೇಲಾದರೂ ಹಾಕಬೇಕಿತ್ತು.

"ನೀನಾದ್ರೂ ಬಾಯ್ಬಿಟ್ಟು ಹೇಳ್ಬಾರ್ದಿತ್ತಾ?" ಎಂದ. "ನಂಗೆ ಬರಿಯೋಕೆ ಬರುತ್ತೆ ಅಂತ ಒಂದು ಮಾತು."

"ನಾನ್ ಹೇಳಿದ್ರೆ ಯಾರು ನಂಬ್ತಿದ್ರು? ಕೈ ನೋಡಿದ್ರಲ್ಲ ಎಲ್ರೂ."

"ನಂಗೊತ್ತಿತ್ತಲ್ಲ. ನನ್ನನ್ನ ಕೇಳಿದ್ರೆ ನಾನ್ ಹೇಳ್ತಿರ್ಲಿಲ್ವಾ?"

ಸುಬ್ಬಮ್ಮ ನಿಂತಳು. ಆಕೆಯ ದನಿಯಲ್ಲಿ ಕೋಪವಿರಲಿಲ್ಲ, ಇದ್ದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

"ಅದಕ್ಕೇ ನಿಮ್ಮನ್ನ ಹುಡುಕ್ದೆ ಕಣ್ರೀ," ಎಂದಳು. "ನೀವು ಮೇಜಿನ ಕೆಳಗಿದ್ರಿ."