ಗಿರಿಜಾಂಬಾ ಮೇಡಂ ದಾರಿ ಕೇಳಲಿಲ್ಲ

ದಾರಿ ಕೇಳುವುದೆಂದರೆ ಗಿರಿಜಾಂಬಾಗೆ ಪರೀಕ್ಷೆಯಲ್ಲಿ ಪಕ್ಕದವಳ ಹಾಳೆ ಇಣುಕಿದಷ್ಟು ಅವಮಾನ. ಇರದೇ ಇರುತ್ತದೆಯೇ? ಮೂವತ್ತೊಂದು ವರ್ಷ ಚಾಮರಾಜಪೇಟೆಯ ಹೆಣ್ಣುಮಕ್ಕಳಿಗೆ ಭೂಗೋಳ ಹೇಳಿಕೊಟ್ಟ ಮೇಡಂ ಆಕೆ. ಆಲೂಗಡ್ಡೆಯನ್ನು ಬಿಲ್ಲೆಬಿಲ್ಲೆಯಾಗಿ ಹೆಚ್ಚಿ, ಒಂದೊಂದನ್ನೂ ಹಾಳೆಯ ಮೇಲಿಟ್ಟು ಸುತ್ತ ಗೆರೆ ಎಳೆದು, "ನೋಡ್ರೇ, ಇದೇ ಗುಡ್ಡ, ಇವೇ ಅದರ ಎತ್ತರದ ಗೆರೆಗಳು" ಎಂದು ತೋರಿಸಿದವಳು. (ಆ ಗುಡ್ಡ ಸಂಜೆಗೆ ಪಲ್ಯವಾಗುತ್ತಿತ್ತು. ಎನ್.ಆರ್. ಕಾಲೋನಿಯ ಆ ಮನೆಯ ಮಗಳು ಆರಾಧನಾ ಬೆಳೆದದ್ದೇ ಬೆಟ್ಟಗುಡ್ಡ ತಿಂದು.)

ಗಂಡ ಶ್ರೀಹರಿರಾಯರು ಇದಕ್ಕೆ ತದ್ವಿರುದ್ಧ. ಗಾಂಧಿಬಜಾರಿಗೆ ಹೋಗುವಾಗಲೂ ಇಬ್ಬರನ್ನು ದಾರಿ ಕೇಳುವ ಜೀವ. ದಾರಿ ಗೊತ್ತಿಲ್ಲವೆಂದಲ್ಲ, ಮಾತು ಬೇಕು.

ಎರಡು ಸಾವಿರದ ಒಂಬತ್ತರಲ್ಲಿ ಆರಾಧನಾಗೆ ಮದುವೆ ಗೊತ್ತಾಯಿತು. ಸುಲ್ತಾನ್‌ಪೇಟೆಯಲ್ಲಿ ಪತ್ರಿಕೆ ಅಚ್ಚಾಯಿತು. ಮೊದಲನೆಯದನ್ನು ದೇವರ ಮುಂದಿಟ್ಟಾಯಿತು. ಎರಡನೆಯದು ಮಾಗಡಿ ಆಚೆಯ ಕೆಂಪುಗುಡ್ಡನಹಳ್ಳಿಯ ಸುಂದರಮ್ಮನಿಗೆ ಸಲ್ಲಬೇಕು. ಈಕೆ ರಾಯರ ಸೋದರತ್ತೆ. ತಾಯಿಯಿಲ್ಲದ ರಾಯರನ್ನು ಬೆಂಗಳೂರಿನಲ್ಲೇ ಇದ್ದು ಎದೆಗವಚಿಕೊಂಡು ಸಾಕಿದವಳು; ಅವಳ ಈ ಹಳ್ಳಿಗೆ ಗಂಡಹೆಂಡಿರು ಎಂದೂ ಹೋಗಿರಲಿಲ್ಲ. ಹಿಂದೆ ರಾಯರ ತಂಗಿ ಮೈತ್ರೇಯಿಯ ಮದುವೆಗೆ ಯಾರೋ ಬುದ್ಧಿವಂತರು ಆಕೆಗೆ ಪತ್ರಿಕೆಯನ್ನು ಅಂಚೆಯಲ್ಲಿ ಹಾಕಿದ್ದರು. ಅತ್ತೆ ಬಂದಳು, ಒಂದು ಲೋಟ ನೀರು ಕುಡಿದಳು, ಹೊರಟುಹೋದಳು. ಆಮೇಲೆ ಹನ್ನೊಂದು ವರ್ಷ ಮಾತಿಲ್ಲ.

"ಈ ಸಲ ಅತ್ತೆ ಮಂಟಪದ ಮುಂದುಗಡೆ ಕೂತಿರ್ಬೇಕು ಗಿರಿಜಾ," ಎಂದರು ರಾಯರು. "ಮನೆಗೇ ಹೋಗಿ, ಅಕ್ಷತೆ ಕೊಟ್ಟು, ಕಾಲಿಗೆ ಬಿದ್ದು ಕರೀಬೇಕು. ಊರಲ್ಲಿ ಎಲ್ಲರಿಗಿಂತ ಮೊದಲು ಅವಳನ್ನೇ."

"ಕರೆಯೋಣ. ಆದ್ರೆ ಸಿಕ್ಕಸಿಕ್ಕೋರನ್ನೆಲ್ಲ ದಾರಿ ಕೇಳ್ಕೊಂಡಲ್ಲ," ಎಂದು ಗಿರಿಜಾಂಬಾ ಒಂದು ಡಬ್ಬಿ ತೆರೆದಳು. ಒಳಗೆ ಅಂಗೈಯಗಲದ ಜಿಪಿಎಸ್ಸು. ಪಿಂಚಣಿಯಲ್ಲಿ ತಾನೇ ಕೊಂಡದ್ದು, ಜೊತೆಗೆ ಗುಡ್ಡ, ಕೆರೆ, ಹಳ್ಳಿ ದಾರಿಗಳ ಟೋಪೋ ಮ್ಯಾಪನ್ನೂ ತುಂಬಿಸಿಕೊಂಡು ಬಂದದ್ದು.

ಬೆಳಿಗ್ಗೆ ಹೊರಟರು. ಮಾಗಡಿಯವರೆಗೆ ಪೆಟ್ಟಿಗೆಯೊಳಗಿನ ಹೆಂಗಸು ಇಂಗ್ಲಿಷಿನಲ್ಲಿ ಎಡಕ್ಕೆ ಬಲಕ್ಕೆ ಎಂದು ಗತ್ತಿನಿಂದ ಹೇಳುತ್ತಲೇ ಇದ್ದಳು. ಊರು ದಾಟಿ ಎರಡು ತಿರುವು ಕಳೆದದ್ದೇ ತಡ, ಮೌನವ್ರತ.

"ನೋಡ್ದ್ಯಾ? ಆ ಯಮ್ಮಂಗೂ ಗೊತ್ತಿಲ್ಲ. ಅಲ್ಲಿ ಟೀ ಅಂಗಡಿ ಇದೆ, ಒಂದ್ನಿಮಿಷ ಕೇಳ್ಬಿಡ್ತೀನಿ."

"ರೀ, ಸುಮ್ನೆ ಓಡ್ಸಿ! ಅವಳಿಗೆ ಗೊತ್ತಿಲ್ದಿದ್ರೆ ಏನು, ನನಗೆ ಗೊತ್ತು." ಗಿರಿಜಾಂಬಾ ಟೋಪೋ ಮ್ಯಾಪ್ ಒತ್ತಿದಳು. ಆಹಾ! ಪರದೆಯ ತುಂಬ ಆಕೆಯ ಆಲೂಗಡ್ಡೆಗಳು. ಸುತ್ತು ಸುತ್ತು ಗೆರೆ, ನೀಲಿ ಕೆರೆ, ಮಧ್ಯೆ ಕೆಂಪುಗುಡ್ಡನಹಳ್ಳಿಗೆ ನೇರವಾಗಿ ಹೋಗುವ ಚುಕ್ಕೆ ಚುಕ್ಕೆಯ ಗೆರೆ. "ಚುಕ್ಕೆ ಗೆರೆ ಅಂದ್ರೆ ಗಾಡಿ ದಾರಿ. ಇದಕ್ಕೆ ಮೂವತ್ತು ವರ್ಷ ಎರಡೆರಡು ಮಾರ್ಕ್ಸ್ ಕೊಟ್ಟಿದೀನಿ. ಎಡಕ್ಕೆ ತಿರುಗ್ಸಿ."

ಗಾಡಿ ದಾರಿ ನೂರು ಮಾರು ಗಾಡಿ ದಾರಿಯಾಗಿತ್ತು. ಆಮೇಲೆ ಕುರಿ ದಾರಿಯಾಯಿತು. ಆಮೇಲೆ ಕಾರು ಗಕ್ಕನೆ ನಿಂತಿತು, ತೆನೆ ಬಿಟ್ಟ ರಾಗಿ ಹೊಲದ ನಡುವೆ. (ಮ್ಯಾಪಿನ ಪ್ರಕಾರ ಅವರು ಆಗ ಕೆರೆಯೊಳಗಿದ್ದರು.)

ಕುಡುಗೋಲು ಹಿಡಿದ ಹೆಂಗಸೊಬ್ಬಳು ಬದುವಿನ ಮೇಲೆ ಬಂದು ನಿಂತಳು. ಹೊಲದೊಡತಿ ಲಕ್ಕಮ್ಮ.

"ಯಾರವ್ವಾ ನೀವು? ಕಾರ್ ತಗಂಡು ನನ್ ರಾಗಿ ಒಳ್ಗೇ ಬಂದ್ಬುಟ್ರಲ್ಲ, ದಾರಿ ಗೀರಿ ತಪ್ಪೋಯ್ತಾ?"

ರಾಯರು ಖುಷಿಯಿಂದ ಬಾಯಿ ತೆರೆದರು. ಗಿರಿಜಾಂಬಾ ಅವರ ತೊಡೆ ಚಿವುಟಿದಳು. ಮೂವತ್ತೊಂದು ವರ್ಷದ ಭೂಗೋಳ ಕಣ್ಣ ಮುಂದೆ ಹಾದುಹೋಯಿತು. "ದಾರಿ ತಪ್ಪೋದಾ? ನಾವಾ? ಛೆ! ನಿಮ್ಮನ್ನೇ ಹುಡುಕ್ಕೊಂಡು ಬಂದ್ವಿ ಕಣಮ್ಮಾ. ಮಗಳ ಮದುವೆ. ತಪ್ಪದೆ ಬರ್ಬೇಕು!" ಎಂದು ಚೀಲದಿಂದ ಪತ್ರಿಕೆ ತೆಗೆದು, ಅಕ್ಷತೆ ಸಮೇತ ಕೈಗಿಟ್ಟೇಬಿಟ್ಟಳು.

ಲಕ್ಕಮ್ಮನ ಕಣ್ಣು ತುಂಬಿತು. "ಬೆಂಗ್ಳೂರಿಂದ ನನ್ ಕರ್ಯಾಕ್ ಬಂದ್ರಾ? ನಮ್ಮಣ್ಣನ ಮಗ್ನೇ ಕರೀನಿಲ್ಲ ಕಣವ್ವಾ ನನ್ನ," ಎಂದು ಮಡಿಲ ತುಂಬ ಅವರೆಕಾಯಿ ತಂದು ಹಾಕಿದಳು.

ಹೀಗೆ ಕರೆಯಲು ಬಂದವರು, "ಅಂದ ಹಾಗೆ ಇದು ಯಾವ ಊರು?" ಎಂದು ಕೇಳುವುದು ಹೇಗೆ? ಕಾರು ಹಿಂದೆ ಸರಿಯಿತು.

ಮುಂದಿನ ಚುಕ್ಕೆ ಗೆರೆ ಚಿಕ್ಕಮುನಿಯಮ್ಮನ ದನದ ಕೊಟ್ಟಿಗೆಗೆ ಹೋಗಿ ಮುಗಿಯಿತು. ಅಲ್ಲಿ ಇನ್ನೊಂದು ಪತ್ರಿಕೆ ಹೋಯಿತು. ಒಂದು ಸೋರೆಕಾಯಿ ಬಂತು. ಮೂರನೆಯ ಗೆರೆ ಮುಗಿದದ್ದು ಕಲ್ಲುಬಂಡೆಯ ಬುಡದಲ್ಲಿ, ಬೀಡಿ ಸೇದುತ್ತ ಕೂತಿದ್ದ ದೊಡ್ಡಬೈರಪ್ಪನ ಎದುರಿಗೆ. ಅವಸರದಲ್ಲಿ ಗಿರಿಜಾಂಬಾ ಚೀಲಕ್ಕೆ ಕೈ ಹಾಕಿದಳು, ಸಿಕ್ಕಿದ್ದನ್ನು ಕೊಟ್ಟಳು.

"ಇನ್ನೂ ಎಷ್ಟು ಜನ ಬೀಗರಿದಾರೆ ನಿನಗೆ ಈ ಕಡೆ?" ಎಂದರು ರಾಯರು. ಟೈರಿನ ಗಾಳಿ ನೋಡುವ ನೆಪದಲ್ಲಿ ಕೆಳಗಿಳಿದು, ಟ್ರ್ಯಾಕ್ಟರಿನವನೊಬ್ಬನನ್ನು ಕೇಳಿ, ಅರ್ಧ ನಿಮಿಷದಲ್ಲಿ ದಾರಿ ತಿಳಿದು ಬಂದರು. ಹೆಂಡತಿ ಕಿಟಕಿಯ ಆಚೆ ನೋಡುತ್ತ ಏನೂ ಕಾಣದವಳಂತೆ ಕೂತಳು. ಟಾರು ರಸ್ತೆಗೆ ವಾಪಸು ಹೋಗಿ, ಗುಡ್ಡ ಬಳಸಿ, ಮುಕ್ಕಾಲು ಗಂಟೆಯ ಮೇಲೆ ಊರು ಬಂತು.

ಸುಂದರಮ್ಮನ ಜಗಲಿಯ ಮೇಲೆ ಜನ. ಲಕ್ಕಮ್ಮ, ಚಿಕ್ಕಮುನಿಯಮ್ಮ, ದೊಡ್ಡಬೈರಪ್ಪ! ಆ ಚುಕ್ಕೆ ಗೆರೆ ಕಾಲುದಾರಿ ಸ್ವಾಮಿ. ಕಾರಿಗಲ್ಲ, ಕಾಲಿಗೆ. ಅದನ್ನು ಹಿಡಿದು ಹತ್ತೇ ನಿಮಿಷಕ್ಕೆ ಮೂವರೂ ಬಂದಿದ್ದರು. ಆ ಊರಿನಲ್ಲಿ ಯಾರಿಗೆ ಕಾಗದ ಬಂದರೂ ಓದಿ ಹೇಳುವವಳು ಸುಂದರಮ್ಮ. ಹಾಗಾಗಿ ಮೊಮ್ಮಗಳ ಮದುವೆಪತ್ರಿಕೆಯನ್ನು ಅತ್ತೆ ಅದಾಗಲೇ ಎರಡು ಸಲ ಗಟ್ಟಿಯಾಗಿ ಓದಿ ಮುಗಿಸಿದ್ದಳು. ಮೂರನೆಯದು ಕೈಯಲ್ಲಿತ್ತು.

"ಬನ್ನಿ," ಎಂದಳು. ದನಿಯಲ್ಲಿ ಹನ್ನೊಂದು ವರ್ಷದ ಚಳಿ. "ಬೈರಪ್ಪನಿಗೆ ಕೊಟ್ಟಿರೋ ಈ ಲಕೋಟೆ ಮೇಲೆ ಸುಂದರಮ್ಮನವರಿಗೆ ಅಂತ ಬರ್ದಿದೆ. ಊರಿಗೆಲ್ಲ ಮನೆಗೇ ಹೋಗಿ ಕರೆದ್ರಿ. ನನಗೆ ಮಾತ್ರ ಬೈರಪ್ಪ ಪೋಸ್ಟ್‌ಮ್ಯಾನಾ?"

ರಾಯರ ಮುಖ ಹಸುಗೂಸಿನ ಮುಖವಾಯಿತು. "ಅತ್ತೆ..." ಎಂದರು. ಗಿರಿಜಾಂಬಾ ಗಂಡನನ್ನು ನೋಡಿದಳು. ಮದುವೆಯಾದಾಗಿನಿಂದ ಆ ಮುಖವನ್ನು ಹಾಗೆ ಕಂಡಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಅತ್ತೆ, ನಾವು ದಾರಿ ತಪ್ಪಿದ್ವಿ."

"ಏನಂದೆ?"

"ದಾರಿ ತಪ್ಪಿದ್ವಿ. ತಪ್ಸಿದ್ದು ನಾನು. ಇವರು ಕೇಳೋಣ ಅಂದ್ರು, ನಾನೇ ಬಿಡ್ಲಿಲ್ಲ. ಹೇಳ್ಕೊಳ್ಳೋಕೆ ನಾಚ್ಕೆ ಆಗಿ ಸಿಕ್ಕಿದೋರಿಗೆಲ್ಲ ಪತ್ರಿಕೆ ಕೊಟ್ಟೆ."

"ಭೂಗೋಳದ ಮೇಡಮ್ಮು?"

"ಹ್ಞೂಂ."

"ಜೋರಾಗಿ ಹೇಳು ತಾಯಿ, ಬೈರಪ್ಪನಿಗೆ ಕಿವಿ ಮಂದ."

ಗಿರಿಜಾಂಬಾ ಜೋರಾಗಿ ಹೇಳಿದಳು. ಜಗಲಿಗೆ ಜಗಲಿಯೇ ನಕ್ಕಿತು. ಸುಂದರಮ್ಮ ಕಂಬ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗು ನಿಂತ ಮೇಲೂ ನೀರು ನಿಲ್ಲಲಿಲ್ಲ. ಶ್ರೀಹರಿಯ ತಲೆ ಸವರಿ, "ಒಳಗೆ ಬಾರೋ, ಬಿಸಿಲಲ್ಲಿ ಕಪ್ಪಾಗಿದೀಯ," ಎಂದಳು.

ಊಟವಾಯಿತು. ಎರಡೆರಡು ಸಲ ನಮಸ್ಕಾರವಾಯಿತು. ಮದುವೆಗೆ ಬರುತ್ತೇನೆ ಎಂದು ಅತ್ತೆ ಬಾಯಿ ತುಂಬ ಹೇಳಿದಳು. ಕರೆದ ಮೇಲೆ ಕರೆದದ್ದೇ, ಆ ಮೂವರನ್ನೂ ಜೊತೆಗೆ ಕರೆತರುವುದಾಗಿಯೂ ಹೇಳಿದಳು.

ಹೊರಡುವಾಗ ಗಿರಿಜಾಂಬಾ ಸಂಭ್ರಮದಿಂದ ಎಂದಳು: "ಅತ್ತೆ, ಹಿಂದಿನ ದಿನ ನಾನೇ ಕಾರಲ್ಲಿ ಬಂದು ಎಲ್ಲರನ್ನೂ ಕರ್ಕೊಂಡು ಹೋಗ್ತೀನಿ."

ಸುಂದರಮ್ಮ ಗಾಬರಿಯಿಂದ ಎರಡೂ ಕೈ ಎತ್ತಿದಳು. "ಬ್ಯಾಡಮ್ಮಾ! ನಾವು ಬಸ್ಸಲ್ಲಿ ಬರ್ತೀವಿ. ಧಾರೆ ಹೊತ್ತಿಗಾದ್ರೂ ಬೆಂಗಳೂರು ಸೇರ್ಬೇಕು."