ನಲವತ್ತಮೂರು ಜ್ವರಗಳು

ಹತ್ತೊಂಬತ್ತು ವರ್ಷಗಳ ನೌಕರಿಯಲ್ಲಿ ನನಗೆ ನಲವತ್ತಮೂರು ಸಲ ಜ್ವರ ಬಂದಿದೆ. ಇದು ನಾನು ಹೇಳುವ ಮಾತಲ್ಲ, ನೀರು ಸರಬರಾಜು ಕಚೇರಿಯಲ್ಲಿರುವ ನನ್ನ ಫೈಲು ಹೇಳುವ ಮಾತು. ನಿಜವಾಗಿ ಬಂದದ್ದು ಎರಡು ಸಲ. ಉಳಿದ ನಲವತ್ತೊಂದು ನಮ್ಮ ಮೇಷ್ಟ್ರ ಕೊಡುಗೆ.

ಮೇಷ್ಟ್ರನ್ನು ದೂರುತ್ತಿಲ್ಲ. (ದೂರಿದರೆ ಈಗಲೂ ಕಿವಿ ಬಿಸಿಯಾಗುತ್ತದೆ.) ನಮ್ಮ ಹಳ್ಳಿಯ ಶಾಲೆಗೆ ಕೋಣೆ ಒಂದು, ತರಗತಿ ನಾಲ್ಕು, ಮೇಷ್ಟ್ರು ಒಬ್ಬರು. ಬರವಣಿಗೆ ಎಂದರೆ ಅವರ ಪ್ರಕಾರ ಮೂರೇ ಬಗೆ: ಕ್ಷೇಮ ಸಮಾಚಾರದ ಪತ್ರ, ಅಂಗಡಿಯಿಂದ ಪುಸ್ತಕ ತರಿಸುವ ಪತ್ರ, ರಜಾ ಅರ್ಜಿ. ಮೂರನ್ನೂ ಬೋರ್ಡಿನ ಮೇಲೆ ಬರೆದುಹಾಕುತ್ತಿದ್ದರು, ನಾವು ಕೈ ಬಿದ್ದುಹೋಗುವವರೆಗೆ ನಕಲು ಮಾಡುತ್ತಿದ್ದೆವು. ರಜಾ ಅರ್ಜಿಯಲ್ಲಿ ಕಾರಣ ಯಾವಾಗಲೂ ಜ್ವರ. ಒಂದು ದಿನ ನಾನು ಎದ್ದು ನಿಂತು, "ಸಾರ್, ನಮ್ಮ ಎಮ್ಮೆ ಕರು ಹಾಕುತ್ತೆ. ಅದಕ್ಕೆ ರಜೆ ಬೇಕಾದ್ರೆ ಹೇಗೆ ಬರೀಬೇಕು?" ಎಂದು ಕೇಳಿದೆ.

"ಜ್ವರ ಅಂತ ಬರಿ."

"ಎಮ್ಮೆಗಾ ಸಾರ್?"

"ನಿನಗೆ. ಪರೀಕ್ಷೆಯಲ್ಲಿ ಎಮ್ಮೆ ಕೇಳಲ್ಲ."

ಅಲ್ಲಿಗೆ ನನ್ನ ಸಾಹಿತ್ಯ ಜೀವನ ಇತ್ಯರ್ಥವಾಯಿತು. ನಮ್ಮ ಮನೆತನದಲ್ಲಿ ಮೊದಲ ಪದವೀಧರ ನಾನು. ಹೇಳಿಕೊಟ್ಟದ್ದನ್ನು ಒಂದಕ್ಷರ ಆಚೀಚೆ ಮಾಡದೆ ಬರೆಯುವುದೇ ವಿದ್ಯೆ ಎಂದು ನಂಬಿ ಮೆಟ್ಟಿಲು ಮೆಟ್ಟಿಲಾಗಿ ಹತ್ತಿದವನು. ಕಾಲೇಜಿನ ಹಾಸ್ಟೆಲಿನಿಂದ ಅಮ್ಮನಿಗೆ ತಿಂಗಳಿಗೊಂದು ಪತ್ರ ಹಾಕುತ್ತಿದ್ದೆ. ಅಮ್ಮ ಎರಡನೇ ತರಗತಿಗೇ ಶಾಲೆ ಬಿಟ್ಟವಳು, ಮರಳಿನ ಮೇಲೆ ಬೆರಳಾಡಿಸಿ ಕಲಿತ ಅಕ್ಷರಗಳು ಆ ಮರಳಿನಲ್ಲೇ ಉಳಿದುಕೊಂಡಿದ್ದವು. ಹಾಗಾಗಿ ಪೋಸ್ಟ್‌ಮ್ಯಾನ್ ಓದಿ ಹೇಳಬೇಕಿತ್ತು. ನಾಲ್ಕನೇ ತಿಂಗಳಿನಿಂದ ಅವರು ಲಕೋಟೆ ಒಡೆಯುವುದನ್ನೇ ನಿಲ್ಲಿಸಿದರಂತೆ. ಸೈಕಲ್ಲಿನಿಂದ ಇಳಿಯದೆಯೇ, "ಅಮ್ಮಾ, ಅದೇ ಬಂದಿದೆ" ಎಂದು ಕೈಗಿತ್ತು ಹೋಗುತ್ತಿದ್ದರಂತೆ.

ನೌಕರಿಗೆ ಸೇರಿದ ಮೇಲೂ ನಾನು ಮೇಷ್ಟ್ರಿಗೆ ದ್ರೋಹ ಬಗೆಯಲಿಲ್ಲ. ತಂಗಿಯ ಮದುವೆಗೆ ಜ್ವರ. ಬಾಡಿಗೆ ಮನೆ ಬದಲಾಯಿಸುವಾಗ ಜ್ವರ. ಮಗಳು ಹುಟ್ಟಿದ ದಿನವೂ ಜ್ವರ. (ಮರುದಿನ ಕಚೇರಿಯಲ್ಲಿ ಸಿಹಿ ಹಂಚಿದೆ. ಜ್ವರ ಬಿಟ್ಟದ್ದಕ್ಕೆ ಸಿಹಿ ಹಂಚುವವನನ್ನು ಮೊದಲ ಸಲ ನೋಡಿದ್ದು ಎಂದು ಒಬ್ಬರು ಹೇಳಿದರು.)

ಹೀಗೆ ಸುಖವಾಗಿ ನರಳುತ್ತಿದ್ದ ನನ್ನ ಬಾಳಿಗೆ ಕಳೆದ ತಿಂಗಳು ಹೊಸ ಮೇಲಧಿಕಾರಿ ಬಂದರು. ಮೇಡಂ ಶಿಸ್ತಿನವರು, ಮಾತು ಮೆದು. ಅವರು ಬಂದ ಹೊತ್ತಿಗೆ ಸರಿಯಾಗಿ ಪತ್ರದ ಮೇಜು ಖಾಲಿಯಾಗಿತ್ತು. ನಲ್ಲಿಯಲ್ಲಿ ನೀರಿಲ್ಲ, ನೀರಿದ್ದರೆ ಬಣ್ಣವಿದೆ ಎಂದು ಊರಿನವರು ಬರೆಯುವ ಪತ್ರಗಳಿಗೆಲ್ಲ ಉತ್ತರ ಬರೆಯುವ ಮೇಜು ಅದು. ಕಿಟಕಿ ಪಕ್ಕದ್ದು, ಬೀಗವಿರುವ ಡ್ರಾಯರಿನದು. ಎಂಟು ವರ್ಷಗಳಿಂದ ನಾನು ಅದರ ಮೇಲೆ ಕಣ್ಣಿಟ್ಟಿದ್ದೆ. ಕಚೇರಿಯಲ್ಲಿ ನನ್ನಷ್ಟು ದುಂಡಗೆ ಬರೆಯುವವರು ಯಾರಿದ್ದರು?

ಶುಕ್ರವಾರ ಮೇಡಂ ಕರೆಸಿದರು. ಮುಂದೆ ನನ್ನ ಫೈಲು ತೆರೆದಿತ್ತು. ಕೂರಲು ಹೇಳಿದರು, ಫ್ಯಾನಿನ ವೇಗ ತಗ್ಗಿಸಿದರು.

"ಈಗ ಹೇಗಿದೆ?" ಎಂದರು.

"ಏನು ಮೇಡಂ?"

"ಜ್ವರ."

ಮೇಡಂ ಒಂದೊಂದೇ ಅರ್ಜಿ ಮಗುಚುತ್ತ ಹೋದರು. "ನಲವತ್ತಮೂರು ಸಲ. ಪಾಪ, ಹೇಗೆ ತಡ್ಕೊಂಡ್ರಿ. ಪತ್ರದ ಮೇಜಿಗೆ ನಿಮ್ಮ ಹೆಸರೇ ನನ್ನ ಮನಸ್ಸಲ್ಲಿತ್ತು. ಆದ್ರೆ ಕಿಟಕಿ ಗಾಳಿ ನಿಮ್ಮ ಮೈಗೆ ಆಗುತ್ತಾ? ಹಿಂದಿನ ಕೋಣೆಯಲ್ಲಿ ಬಂದ ಕಾಗದಕ್ಕೆಲ್ಲ ಸೀಲು ಹಾಕೋ ಕೆಲಸ ಇದೆ. ಗಾಳಿ ಇಲ್ಲ, ಬೆಳಕೂ ಅಷ್ಟಾಗಿ ಇಲ್ಲ. ನಿಮಗೆ ಒಳ್ಳೇದು."

ಜ್ವರವಿತ್ತು ಎಂದರೆ ಸೀಲು. ಇರಲಿಲ್ಲ ಎಂದರೆ ನಲವತ್ತೊಂದು ಸುಳ್ಳು. ಬಿಸಿತುಪ್ಪ ಬಾಯಿಗೆ ಬಿದ್ದವನಂತೆ ಕೂತಿದ್ದೆ. ಮೇಡಂ ಫೈಲು ಮುಚ್ಚಿ, "ನಿಮ್ಮದು ಏನಾದ್ರೂ ಹೇಳೋದಿದ್ರೆ ಸೋಮವಾರದೊಳಗೆ ಬರೆದು ಕೊಡಿ. ನಿಮ್ಮ ಸ್ವಂತ ಮಾತಲ್ಲಿ" ಎಂದರು.

ಸ್ವಂತ ಮಾತು. ನೂರು ಸಲ ಬರೆಯಿರಿ ಎಂದಿದ್ದರೂ ನನಗೆ ಇಷ್ಟು ಭಯವಾಗುತ್ತಿರಲಿಲ್ಲ.

ಮನೆಯಲ್ಲಿ ವಿಷಯ ಹೇಳಿದಾಗ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದಳು. ಊರಿನ ಅರ್ಧ ಜನರ ಬಟ್ಟೆ ಅವಳ ಕೈಯಲ್ಲೇ ಆಗುವುದು. ಸೂಜಿ ನುಂಗುವ ಅಪಾಯವಿದ್ದುದರಿಂದ ಅವಳು ಮೊದಲು ಅವನ್ನೆಲ್ಲ ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು, ಆಮೇಲೆ ನೆಮ್ಮದಿಯಾಗಿ ನಕ್ಕಳು. ಅಮ್ಮ ಮಾತ್ರ ಗಾಬರಿಯಾದಳು.

"ನಲವತ್ತಮೂರು ಸಲ ಜ್ವರ ಬಂತೇನಪ್ಪ? ನನಗೆ ಒಂದು ಮಾತು ಹೇಳ್ಲಿಲ್ವಲ್ಲ."

"ಬಂದಿರ್ಲಿಲ್ಲಮ್ಮ. ಬರೆದಿದ್ದೆ."

"ಬರದೇ ಇರೋದನ್ನ ಯಾಕೆ ಬರೆದೆ?"

ನಾಲ್ಕು ದಶಕಗಳ ಶಿಕ್ಷಣ ಪದ್ಧತಿಗೇ ಅಮ್ಮ ಹಾಕಿದ ಪ್ರಶ್ನೆ ಅದು.

ಆರನೇ ತರಗತಿಯ ಮಗಳು ಪುಸ್ತಕದಿಂದ ತಲೆಯೆತ್ತಿ, "ನಮ್ಮ ಮಿಸ್ ಆಗಿದ್ರೆ ಜ್ವರ ಅಂತ ಬರೆದ ಅರ್ಜಿ ವಾಪಸ್ ಕೊಡ್ತಾರೆ. ನಿಜವಾದ ಕಾರಣ ಬರಿ ಅಂತಾರೆ" ಎಂದಳು.

"ನಿಜವಾಗಿ ಜ್ವರ ಬಂದಿದ್ರೆ?"

"ಹೇಗೆ ಬಂತು, ಯಾರು ಏನಂದ್ರು, ಎಲ್ಲ ಬರೀಬೇಕು."

ಹೀಗೆಂದು ಅವಳು ತನ್ನದೇ ಒಂದು ರಜಾ ಅರ್ಜಿ ತಂದು ತೋರಿಸಿದಳು. ಅಕ್ಷರಗಳು ಇರುವೆ ಗೂಡಿಗೆ ನೀರು ಬಿಟ್ಟ ಹಾಗಿದ್ದವು. (ಈಗ ಕಾಪಿ ಬರೆಸುವುದಿಲ್ಲವಂತೆ. ಓದಲು ಬಂದರೆ ಸಾಕಂತೆ.) ಕಣ್ಣು ಕಿರಿದು ಮಾಡಿ ಓದಿದೆ: 'ಮಿಸ್, ನಾಳೆ ನಾನು ಬರುವುದಿಲ್ಲ. ನಮ್ಮಪ್ಪ ಬಟ್ಟೆಯ ಬೀರು ತಂದಿದ್ದಾರೆ. ಅದು ಬಾಗಿಲಿನಲ್ಲಿ ಹಿಡಿಸುತ್ತಿಲ್ಲ. ಅಳತೆ ತೆಗೆದುಕೊಳ್ಳಿ ಎಂದು ಅಮ್ಮ ಮೊದಲೇ ಹೇಳಿದ್ದರು. ನಾಳೆ ಅಪ್ಪ ಏನು ಮಾಡುತ್ತಾರೆ ಎಂದು ನಾನು ನೋಡಬೇಕು.'

ಕೆಳಗೆ ಕೆಂಪು ಶಾಯಿಯಲ್ಲಿ ಮಿಸ್ ಬರೆದಿದ್ದರು: 'ರಜೆ ಮಂಜೂರು. ಏನಾಯಿತೆಂದು ಬಂದು ಹೇಳು.'

"ಇದು ಅರ್ಜಿಯಾ?" ಎಂದು ಗುಡುಗಿದೆ. "ಮಾನ್ಯರೇ ಇಲ್ಲ, ವಿಷಯ ಇಲ್ಲ, ತಮ್ಮ ವಿಧೇಯ ಇಲ್ಲ."

"ನಿಮ್ಮ ಅರ್ಜಿಯಲ್ಲಿ ಅವೆಲ್ಲ ಇತ್ತಲ್ಲ," ಎಂದಳು ಹೆಂಡತಿ, "ಸೀಲು ಹಿಡ್ಕೊಂಡು ಕತ್ತಲೆ ಕೋಣೆಗೆ ಹೊರಟಿದ್ದೀರಿ."

ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ಹೊಸ ಪೆನ್ನು ಹಿಡಿದು ಕೂತೆ. ಒಂದು ಗಂಟೆ ಕಷ್ಟಪಟ್ಟ ಮೇಲೆ ಹೊರಬಂದದ್ದು ಇದು: 'ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ದಿನಗಳಂದು ನನಗೆ ಜ್ವರವಿರಲಿಲ್ಲವೆಂಬುದನ್ನು ತಮ್ಮ ಅವಗಾಹನೆಗೆ ತರುತ್ತಾ, ಆದಕಾರಣ ನನಗೆ ಎರಡು ದಿನಗಳ ರಜೆಯನ್ನು ದಯಪಾಲಿಸಬೇಕಾಗಿ ಪ್ರಾರ್ಥನೆ.'

ರಜೆ ನಾನು ಕೇಳಿರಲಿಲ್ಲ. ಕೈಯೇ ಕೇಳಿತ್ತು. ಇನ್ನೊಂದು ಹಾಳೆ ತೆಗೆದುಕೊಂಡೆ. ಅದೂ ಎರಡು ದಿನದ ರಜೆಗೇ ಹೋಗಿ ನಿಂತಿತು. ಐದನೇ ಹಾಳೆಗೆ ಮಗಳು ಬಂದು ಪೆನ್ನು ಕಿತ್ತುಕೊಂಡಳು.

"ಅಪ್ಪ, ನೀನು ಬರೀಬೇಡ. ಸುಮ್ನೆ ಹೇಳು. ನಾನು ಬರ್ಕೊಳ್ತೀನಿ."

"ಏನಂತ ಹೇಳ್ಲಿ?"

ಗೋಡೆಗೊರಗಿ ಕೂತಿದ್ದ ಅಮ್ಮ, "ಮೊದಲನೇ ಸಲ ರಜ ಹಾಕಿ ಎಲ್ಲಿಗೆ ಹೋಗಿದ್ದೆ? ಅಲ್ಲಿಂದ ಶುರು ಮಾಡು" ಎಂದಳು. "ನಾನು ಮೇಷ್ಟ್ರ ಹತ್ರ ನಿನಗೆ ಪತ್ರ ಬರೆಸೋವಾಗ ಬಾವಿ ಕಟ್ಟೆ ಬಿರುಕು ಬಿಟ್ಟಿದ್ದು, ಕೋಳಿ ಕಳೆದುಹೋಗಿ ಸಿಕ್ಕಿದ್ದು, ಎಲ್ಲ ಹೇಳ್ತಿದ್ದೆ. ಅವರು ಎಲ್ಲ ಕೇಳಿ ಕ್ಷೇಮ ಅಂತ ಬರೆದು ಮಡಚಿಬಿಡ್ತಿದ್ರು. ಇವಳು ಹಾಗೆ ಮಾಡಲ್ಲ, ಹೇಳು."

ಹೇಳತೊಡಗಿದೆ. ಮೊದಲನೆಯದು ಅಮ್ಮನನ್ನು ಹಳ್ಳಿಯಿಂದ ಕರೆತರಲು ಹೋದದ್ದು. ಅವಳು ಒರಳುಕಲ್ಲು ಬಿಟ್ಟು ಬರುವುದಿಲ್ಲ ಎಂದು ಹಟ ಹಿಡಿದದ್ದು, ಬಸ್ಸಿನವನು ಕಲ್ಲಿಗೂ ಸೀಟು ಬೇಕು ಎಂದದ್ದು. ಅಮ್ಮ, "ಅವನು ಒಳ್ಳೆಯವನು, ಕಿಟಕಿ ಸೀಟೇ ಕೊಟ್ಟ, ಅದನ್ನೂ ಬರಿಯೇ" ಎಂದಳು. ಹೆಂಡತಿ ಕತ್ತರಿ ಹಿಡಿದೇ ಕೇಳುತ್ತಿದ್ದಳು. "ಬಸ್ಸಿಗೆ ಕಾದದ್ದು ಇಷ್ಟುದ್ದ ಬೇಡ. ತೋಳು ಮೊಣಕಾಲಿಗೆ ಬಂದಿದೆ. ಕತ್ತರಿಸು."

ಹದಿನೈದನೆಯ ಜ್ವರದವರೆಗೆ ಎಲ್ಲ ಚೆನ್ನಾಗಿತ್ತು. ಹದಿನಾರನೆಯದಕ್ಕೆ ನಾನು ತಡವರಿಸಿದೆ.

"ಯಾವ ತಿಂಗಳು?" ಎಂದಳು ಹೆಂಡತಿ.

ಹೇಳಿದೆ.

"ನಮ್ಮಣ್ಣ ಮನೆ ಖಾಲಿ ಮಾಡಿದ್ದು ಆ ತಿಂಗಳಲ್ಲೇ. ಸಾಮಾನು ಹೊರೋಕೆ ಬನ್ನಿ ಅಂತ ಕರೆದಿದ್ದ. ನೀವು ಕಚೇರಿಯಲ್ಲಿ ತುರ್ತು ಕೆಲಸ ಅಂದಿದ್ರಿ."

"ಹೌದು."

"ಕಚೇರಿಯಲ್ಲಿ ಜ್ವರ ಅಂದಿದ್ರಿ."

"ಹೌದು."

"ಎಲ್ಲಿದ್ರಿ ಮತ್ತೆ?"

"ವಾಚನಾಲಯದಲ್ಲಿ. ಹಳೇ ವಾರಪತ್ರಿಕೆ ಓದ್ತಾ ಇದ್ದೆ."

ಯಂತ್ರ ನಿಂತಿತು. ನಮ್ಮ ಮನೆಯಲ್ಲಿ ಯಂತ್ರ ನಿಂತರೆ ಗಾಳಿಯೂ ನಿಲ್ಲುತ್ತದೆ. "ಅವತ್ತು ಅಣ್ಣ ಬೆನ್ನು ಹಿಡ್ಕೊಂಡು ಎಂಟು ದಿನ ಮಲಗಿದ್ದ. ಪಾಪ, ಇವರು ಇದ್ದಿದ್ರೆ ಒಂದು ಕೈ ಜೋಡಿಸ್ತಿದ್ರು, ಕಚೇರಿಯವರು ಬಿಡಲ್ಲ ಅಂತ ನಿಮ್ಮ ಪರವಾಗಿ ಮಾತಾಡಿದ್ದೂ ನಾನೇ." ಮಗಳು ಸರಸರನೆ ಬರೆಯುತ್ತಿದ್ದಳು. "ಅದನ್ನ ಬರೀಬೇಡ" ಎಂದೆ. "ಅಮ್ಮ ಹೇಳಿದ್ದೇ ಚೆನ್ನಾಗಿದೆ, ನೀನು ಮುಂದೆ ಹೋಗು" ಎಂದಳು.

ಮುಂದೆ ಹೋಗುವುದು ಕ್ಷೇಮವೆನಿಸಿತು. ಇಪ್ಪತ್ತೆಂಟನೆಯದು ಮಗಳು ಮೊದಲ ದಿನ ಶಾಲೆಗೆ ಹೋದದ್ದು. ಅವಳನ್ನು ಒಳಗೆ ಬಿಟ್ಟು ನಾನು ಗೇಟಿನ ಪಕ್ಕ ನಿಂತಿದ್ದೆ, ಮಗು ಅತ್ತರೆ ಯಾರಿದ್ದಾರೆ ಎಂದು.

"ಎಷ್ಟು ಹೊತ್ತು?" ಎಂದಳು ಅಮ್ಮ.

"ಶಾಲೆ ಬಿಡೋವರೆಗೆ. ಕಾವಲುಗಾರ ಒಂದು ಸ್ಟೂಲು ಕೊಟ್ಟ."

"ಮಗು ಅತ್ತಿತಾ?"

"ಇಲ್ಲ."

"ನೀನು?"

ಮಗಳು ಪೆನ್ನು ಹಿಡಿದು ಕಾದಳು. ಹೆಂಡತಿ ನನ್ನ ಕಡೆಗೊಮ್ಮೆ ನೋಡಿ, "ಅದನ್ನ ಹಾಗೇ ಬಿಡು ಮಗಳೇ, ಬಟ್ಟೆ ಸರಿಯಾಗಿ ಕೂತಿದೆ" ಎಂದಳು. ಯಂತ್ರ ಮತ್ತೆ ಓಡತೊಡಗಿತು.

ಹತ್ತು ಪುಟ ಆಯಿತು, ಕತ್ತರಿಸಿ ನಾಲ್ಕಕ್ಕೆ ಇಳಿಸಿದರು. ನಕಲು ತೆಗೆಯುವ ಕೆಲಸ ನನ್ನದು. ಮೊದಲಲ್ಲಿ ಒಂದೇ ಒಂದು 'ಮಾನ್ಯರೇ' ಹಾಕಿಕೊಳ್ಳಲು ಅರ್ಧ ಗಂಟೆ ಚೌಕಾಸಿ ಮಾಡಿ ಒಪ್ಪಿಗೆ ಪಡೆದೆ.

ಸೋಮವಾರ ಮೇಡಂ ನನ್ನೆದುರಿಗೇ ಓದಿದರು. ಒರಳುಕಲ್ಲಿನ ಹತ್ತಿರ ತುಟಿ ಬಿಗಿಹಿಡಿದರು, ವಾಚನಾಲಯದ ಹತ್ತಿರ ಬಾಯಿಗೆ ಕರವಸ್ತ್ರ ಒತ್ತಿಕೊಂಡರು, ಗೇಟಿನ ಹತ್ತಿರ ಅದೇ ಕರವಸ್ತ್ರ ಕಣ್ಣಿಗೆ ಹೋಯಿತು. ಮಡಚಿಟ್ಟು, "ಇದನ್ನ ಯಾರು ಬರೆದ್ರು?" ಎಂದರು. ನಿಜ ಹೇಳುವ ಚಟ ಆಗಷ್ಟೇ ಹತ್ತಿತ್ತು. ಎಲ್ಲವನ್ನೂ ಹೇಳಿದೆ. ಮೇಡಂ ತುಸು ಯೋಚಿಸಿ, ಸಂಜೆಯೊಳಗೆ ಪತ್ರದ ಮೇಜಿನ ಡ್ರಾಯರಿನ ಬೀಗದ ಕೈ ಕಳಿಸಿಕೊಟ್ಟರು. ಇನ್ನು ಸುಳ್ಳು ಜ್ವರ ಬಂದರೆ ಸೀಲಿನ ಕೋಣೆ ಖಚಿತ ಎಂದು ಜೊತೆಗೊಂದು ಚೀಟಿ.

ಅಂದು ಮನೆಗೆ ಬಂದವನ ಎದೆ ಬಾಗಿಲಿನಲ್ಲಿ ಹಿಡಿಸುತ್ತಿರಲಿಲ್ಲ ಎನ್ನಬಹುದು. ಹಳ್ಳಿಯ ಒಂದು ಕೋಣೆಯ ಶಾಲೆಯ ಹುಡುಗ ಊರಿಗೆಲ್ಲ ಉತ್ತರ ಬರೆಯುವವನಾದನಲ್ಲ.

ಹದಿನೈದು ದಿನ ಕಳೆದಿರಬೇಕು. ಶನಿವಾರ ಸಂಜೆ ಬಾಗಿಲು ತಟ್ಟಿದ ಸದ್ದು. ತೆಗೆದರೆ ಮೇಡಂ. ಕೈಯಲ್ಲೊಂದು ಫೈಲು. ನಾನು ಬನಿಯನ್ನಿನಲ್ಲಿದ್ದೆ. ಓಡಿಹೋಗಿ ಅಂಗಿ ಸಿಕ್ಕಿಸಿಕೊಂಡು ಬರುವಷ್ಟರಲ್ಲಿ ಅವರು ಅಮ್ಮನ ಪಕ್ಕ ಚಾಪೆಯ ಮೇಲೆ ಕೂತಾಗಿತ್ತು.

"ದೊಡ್ಡ ಕಚೇರಿಯವರು ನನ್ನಿಂದ ವಿವರಣೆ ಕೇಳಿದ್ದಾರೆ," ಎಂದರು. "ಇಷ್ಟು ಸುಳ್ಳು ರಜೆ ಹಾಕಿದವರಿಗೆ ಆ ಮೇಜು ಯಾಕೆ ಕೊಟ್ರಿ ಅಂತ. ಮೂರು ದಿನದಿಂದ ಬರೀತಿದ್ದೀನಿ. ಹೇಗೆ ಬರೆದ್ರೂ ಹೊಟ್ಟೆನೋವಿಗೇ ಹೋಗಿ ನಿಲ್ಲುತ್ತೆ."

"ಹೊಟ್ಟೆನೋವಾ ಮೇಡಂ?"

"ನಮ್ಮ ಶಾಲೆಯಲ್ಲಿ ಹೊಟ್ಟೆನೋವು ಕಲಿಸಿದ್ರು," ಎಂದರು ಮೇಡಂ ಸಣ್ಣ ದನಿಯಲ್ಲಿ. "ನನ್ನ ಫೈಲಲ್ಲಿ ಐವತ್ತೆರಡಿದೆ."

ಪತ್ರದ ಮೇಜಿನ ಅಧಿಕಾರಿಯಾದ ನಾನು ಗಂಟಲು ಸರಿಮಾಡಿಕೊಂಡು ಪೆನ್ನು ತೆಗೆದೆ. ಮೇಡಂ ನನ್ನನ್ನು ನೋಡಲೇ ಇಲ್ಲ. "ಪುಟ್ಟೀ, ನಿನಗೆ ಹೋಮ್‌ವರ್ಕ್ ಇಲ್ಲ ತಾನೇ?" ಎಂದು ಮಗಳನ್ನು ಕೇಳಿದರು. ಮಗಳು ನನಗೆ, "ಅಪ್ಪ, ನೀನು ಅಡುಗೆಮನೆಗೆ ಹೋಗು. ನೀನಿದ್ರೆ ಅವರು ನಿಜ ಹೇಳಲ್ಲ" ಎಂದಳು.

ಚಹಾ ಮಾಡಿದೆ. ಗೋಡೆಯಾಚೆ ಅಮ್ಮನ "ಆಮೇಲೆ?" ಕೇಳಿಸುತ್ತಿತ್ತು, ಹೆಂಡತಿಯ "ಇಲ್ಲಿ ಸ್ವಲ್ಪ ಸಡಿಲ ಆಯ್ತು" ಕೇಳಿಸುತ್ತಿತ್ತು. ಮಧ್ಯೆ ಮಧ್ಯೆ ನಾಲ್ವರೂ ಸೇರಿ ನಗುತ್ತಿದ್ದರು. ಚಹಾ ಆರಿತು. ಮತ್ತೆ ಕಾಯಿಸಿದೆ.

ಕೊನೆಗೆ ಕರೆ ಬಂತು. "ಅಪ್ಪ, ಬಾ. ನಕಲು ಮಾಡ್ಕೊಡು. ನನ್ನ ಅಕ್ಷರ ದೊಡ್ಡ ಕಚೇರಿಯವರಿಗೆ ಓದೋಕೆ ಬರಲ್ಲ."

ಕೂತು ಬರೆಯತೊಡಗಿದೆ. ಎರಡನೇ ಪುಟದ ನಡುವೆ ಪೆನ್ನು ನಿಂತಿತು. ಅಲ್ಲಿ ಹೀಗಿತ್ತು: 'ಈ ನೌಕರರಿಗೆ ಪತ್ರ ಬರೆಯಲು ಬರುವುದಿಲ್ಲ. ಆದರೆ ಇವರ ಮನೆಯಲ್ಲಿ ಮೂವರಿಗೆ ಬರುತ್ತದೆ. ಒಂದು ಮೇಜಿಗೆ ಮೂವರು ಸಿಕ್ಕಿದ್ದರಿಂದ ಕಚೇರಿಗೆ ಲಾಭವೇ ಆಗಿದೆ.'

ತಲೆಯೆತ್ತಿದೆ. ಮೇಡಂ ಚಹಾ ಲೋಟದೊಳಗೆ ಏನನ್ನೋ ಹುಡುಕುತ್ತಿದ್ದರು.

"ಬದಲಾಯಿಸಬೇಡ ಅಪ್ಪ," ಎಂದಳು ಮಗಳು.

"ನಿಜ ತಾನೇ ರೀ," ಎಂದಳು ಹೆಂಡತಿ.

ಮೂವರಲ್ಲಿ ಒಬ್ಬಳಾದ, ಇವತ್ತಿಗೂ ಸಹಿಗೆ ಹೆಬ್ಬೆಟ್ಟು ಒತ್ತುವ ನನ್ನ ಅಮ್ಮ, "ಬೇಗ ಬರಿಯಪ್ಪ, ಅವರಿಗೆ ಹೊತ್ತಾಯ್ತು" ಎಂದಳು.

ಬರೆದೆ. ತಲೆಕಟ್ಟು, ಕೊಂಬು, ಒತ್ತಕ್ಷರ, ಒಂದೂ ಸಾಲು ತಪ್ಪದ ಹಾಗೆ, ಮುತ್ತು ಪೋಣಿಸಿದಂತೆ ಬರೆದೆ. ಮೇಡಂ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, "ಅಕ್ಷರ ಅಂದ್ರೆ ಇದು" ಎಂದರು. ಸುಳ್ಳು ಯಾಕೆ ಹೇಳಲಿ, ನನಗೆ ಸಂತೋಷವೇ ಆಯಿತು.