ಒಂದು ಹೆರಿಗೆಗೆ ಒಂದು ಗೋಡೆ

ಹೆರಿಗೆ ಆಸ್ಪತ್ರೆ ಕಟ್ಟುತ್ತಿದ್ದ ಜಾಗದಲ್ಲಿ ಕೆಲಸದ ಸಂಸ್ಕೃತಿ ಇಲ್ಲವೆಂಬುದು ಮೇಲಿನವರ ಗಮನಕ್ಕೆ ಬಂದ ಕಾರಣ, ಅದನ್ನು ಬೆಳೆಸಲು ಒಬ್ಬ ಅಧಿಕಾರಿಯನ್ನು ನೇಮಿಸಲಾಯಿತು. ಅಲ್ಲಿಯತನಕ ಅಲ್ಲಿ ಬರೀ ಕೆಲಸ ನಡೆಯುತ್ತಿತ್ತು.

ಈ ಬರೀ ಕೆಲಸ ನಡೆಸುತ್ತಿದ್ದವನು ಮೇಸ್ತ್ರಿ. ಪಾಪ, ಅವನಿಗಿದ್ದದ್ದು ಒಂದೇ ಆಸೆ. ಮಗಳು ಬಸುರಿ. ಇನ್ನೊಂದು ಆಸ್ಪತ್ರೆ ಬೇಕೆಂದರೆ ಹೊಳೆ ದಾಟಿ ಹೋಗಬೇಕು. “ಹೆದರಬೇಡ ಮಗಳೇ, ನಿನ್ನ ಹೆರಿಗೆ ಹೊತ್ತಿಗೆ ನಾನು ಕಟ್ಟಿದ ಗೋಡೆ ಒಳಗೇ ಇರ್ತೀಯ” ಎಂದು ಅವಳಿಗೆ ಮಾತು ಕೊಟ್ಟಿದ್ದ.

ಅಧಿಕಾರಿಗಳು ಬಂದವರೇ ಮೊದಲು ನೋಡಿದ್ದು ಮೇಸ್ತ್ರಿಯ ಹಳದಿ ಜಾಕೆಟನ್ನು.

“ಏನಯ್ಯಾ ಇದು, ಮೈಮೇಲೆಲ್ಲ ಸಿಮೆಂಟು?”

“ಗೋಡೆ ಕಟ್ತಿದ್ದೆ ಸಾರ್.”

“ಕಟ್ಟೋದು ತಪ್ಪಲ್ಲ. ಆದರೆ ಅದು ಹೀಗೆ ಎದ್ದು ಕಾಣಬಾರದು.”

ಮಧ್ಯಾಹ್ನವೇ ಪ್ರಕಟಣೆ ಬಿತ್ತು: ‘ಸ್ವಚ್ಛವಾದ ಜಾಕೆಟ್ ಶಿಸ್ತಿನ ಮೊದಲ ಗುರುತು. ಜಾಕೆಟ್ಟಿಗೆ ಕಲೆ ಮಾಡಿಕೊಂಡವರು ಕೆಲಸಕ್ಕೆ ಅಗೌರವ ತೋರಿದರೆಂದು ಭಾವಿಸಲಾಗುವುದು.’ ಅಂದಿನಿಂದ ಎಲ್ಲರೂ ಗಾರೆಯಿಂದ ಮಾರು ದೂರ ನಿಂತರು. ಶಿಸ್ತು ನೋಡನೋಡುತ್ತಿದ್ದಂತೆ ಏರಿತು. ಗೋಡೆ ಮಾತ್ರ ಇದ್ದಲ್ಲೇ ಇತ್ತು.

ಆಮೇಲೆ ಸಂಸ್ಕೃತಿ ಡೇರೆ ಎದ್ದಿತು. ಒಳಗೆ ಕುರ್ಚಿಗಳು, ಕುಡಿಯುವ ನೀರು, ಪ್ರಥಮ ಚಿಕಿತ್ಸೆ ತೋರಿಸಿಕೊಡಲು ಒಂದು ಮಂಚ. ಮುಂದುಗಡೆ ತೆರೆದಿದ್ದ ಆ ಡೇರೆಯ ಎದುರಿಗೇ ಒಂದು ಮಾದರಿ ಗೋಡೆ. ಸಂಸ್ಕೃತಿ ನೋಡಲು ಬರುವ ಗಣ್ಯರು ಅದಕ್ಕೊಂದು ಇಟ್ಟಿಗೆ ಇಟ್ಟು ಫೋಟೊ ತೆಗೆಸಿಕೊಳ್ಳತಕ್ಕದ್ದು. ಗೋಡೆ ಪೂರ್ತಿಯಾದರೆ ಮರುದಿನ ಬರುವ ಗಣ್ಯರಿಗೆ ಇಟ್ಟಿಗೆ ಇಡಲು ಜಾಗವೆಲ್ಲಿ? ಆದ್ದರಿಂದ ಸಂಜೆಯಾದೊಡನೆ ಕೆಡವತಕ್ಕದ್ದು. ಇದನ್ನು ಕಟ್ಟುವ, ಕೆಡವುವ ಗೌರವ ಮೇಸ್ತ್ರಿಯ ಪಾಲಿಗೆ ಬಂತು. ಅವನಿಗೊಬ್ಬನಿಗೆ ದಿನಾ ಹೊಸ ಜಾಕೆಟ್.

“ಸಾರ್, ಇದೇ ಇಟ್ಟಿಗೆ ಅಲ್ಲಿ ವಾರ್ಡಿಗೆ ಹಾಕಿದ್ರೆ ಇಷ್ಟೊತ್ತಿಗೆ ಸೂರು ಬರ್ತಿತ್ತು.”

“ಅಲ್ಲಿ ಹಾಕಿದರೆ ಯಾರಯ್ಯಾ ನೋಡ್ತಾರೆ?”

ಸಂಜೆ ಮೇಸ್ತ್ರಿ ಗೋಡೆ ಕೆಡವಿ ಮನೆಗೆ ಹೋದ.

ಮನೆಯಲ್ಲಿ ಹೆಂಡತಿಯದು ಬೇರೆ ವಿಚಾರಣೆ. “ಏನ್ರೀ, ಆಸ್ಪತ್ರೆ ಎಲ್ಲಿಗೆ ಬಂತು?”

“ಮಧ್ಯಾಹ್ನ ಎದೆಮಟ್ಟಕ್ಕೆ ಬಂದಿತ್ತು.”

“ಸಾಯಂಕಾಲ?”

“ಸಾಯಂಕಾಲದ್ದು ಕೇಳಬೇಡ ಕಣೇ.”

ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಮೇಸ್ತ್ರಿ ಮಾತ್ರ ಅವಳಿಗೆ ತಿಂಗಳೆಷ್ಟಾಯಿತೆಂದು ಬೆರಳು ಮಡಚಿ ಎಣಿಸಿದ.

ಕಡೆಗೆ ಅತಿ ಗಣ್ಯರೊಬ್ಬರು ಬರುವ ದಿನವೇ ಮಗಳಿಗೆ ನೋವು ಕಾಣಿಸಿಕೊಂಡಿತು. ಹೊಳೆಯಾಚೆ ಹೋಗಲು ಸೈಟಿನ ಜೀಪು ಸಿಕ್ಕೀತೆಂದು ಹೆಂಡತಿ ಅವಳನ್ನು ನಡೆಸಿಕೊಂಡೇ ಬಂದಳು. ಜೀಪು ಗಣ್ಯರನ್ನು ಕರೆತರಲು ಹೋಗಿತ್ತು.

ಗಾರೆ ಹೊರುವ ಅಕ್ಕ ಬಾಂಡ್ಲಿ ಕೆಳಗಿಟ್ಟಳು. ತನ್ನ ಬೀದಿಯ ಎಷ್ಟೋ ಹೆರಿಗೆಗಳನ್ನು ಅವಳೇ ಮಾಡಿಸಿದ್ದಳು. “ಮಂಚ ಖಾಲಿ ಮಾಡ್ರೀ!” ಎಂದು ಡೇರೆಗೆ ನುಗ್ಗಿದಳು.

ಅಧಿಕಾರಿಗಳು ಅಡ್ಡ ನಿಂತರು. “ಇಲ್ಲಿ ಸಂಸ್ಕೃತಿ ಕಾರ್ಯಕ್ರಮಗಳಿಗೆ ಮಾತ್ರ ಅವಕಾಶ.”

“ಅಯ್ಯೋ ನಿಮ್ಮ! ಕೂಸೇನು ಕಾರ್ಯಕ್ರಮ ಪಟ್ಟಿ ನೋಡ್ಕೊಂಡು ಬರುತ್ತಾ?”

ಮಗಳು ಮಂಚವೇನೋ ಹತ್ತಿದಳು, ಆದರೆ ಬೀದಿಗೆಲ್ಲ ಕಾಣುವಂತಿತ್ತು. “ಅಪ್ಪಾ, ಎಲ್ಲ ನೋಡ್ತಿದಾರಪ್ಪಾ” ಎಂದು ಅತ್ತಳು. ಆ ಮಾತು ಕೇಳಿದ್ದೇ ತಡ, ಮೇಸ್ತ್ರಿ ಕರಣೆ ಎತ್ತಿಕೊಂಡ.

“ಬನ್ರೋ, ಇಟ್ಟಿಗೆ ಕೊಡ್ರೋ!”

ಯಾರಿಗೂ ಜಾಕೆಟ್ಟು ನೆನಪಾಗಲಿಲ್ಲ. ಒಬ್ಬ ಗಾರೆ ಕಲಸಿದ, ಒಬ್ಬ ಸುರಿದ, ಉಳಿದವರು ಸಾಲಾಗಿ ನಿಂತು ಇಟ್ಟಿಗೆ ಸಾಗಿಸಿದರು. ಮಾದರಿ ಗೋಡೆ ಸೊಂಟ ದಾಟಿತು, ಎದೆ ದಾಟಿತು, ತಲೆ ದಾಟಿತು. ಅದರ ಹಿಂದಿನಿಂದ ಮಗುವಿನ ಅಳು ಕೇಳಿದಾಗ ಮೇಸ್ತ್ರಿಯ ಕರಣೆ ಅಲ್ಲೇ ನಿಂತಿತು. ಎಲ್ಲರೆದುರೇ ಅವನೂ ಅತ್ತುಬಿಟ್ಟ. ಕೊಟ್ಟ ಮಾತು ಕಾಲು ಭಾಗವಾದರೂ ಉಳಿದಿತ್ತು.

ಅದೇ ಹೊತ್ತಿಗೆ ಜೀಪು ಬಂತು. ಕೊಳೆಯಾದ ಜಾಕೆಟ್ಟುಗಳನ್ನು ಕಂಡು ಅಧಿಕಾರಿಗಳ ಮುಖ ಸಪ್ಪಗಾಯಿತು. ಒಂದು ಕ್ಷಣ ಮಾತ್ರ. ಆಮೇಲೆ ಕೈಮುಗಿದು, “ಆಸ್ಪತ್ರೆ ಕಾರ್ಯಾರಂಭ ಮಾಡಿದೆ ಸಾರ್” ಎಂದರು. ಗಣ್ಯರು ಏಣಿ ತರಿಸಿ, ತುದಿಗೊಂದು ಇಟ್ಟಿಗೆ ಇಟ್ಟು ಉದ್ಘಾಟಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಸಂಜೆಯ ಪ್ರಕಟಣೆ ಹೀಗಿತ್ತು: ‘ಬಲವಾದ ಕೆಲಸದ ಸಂಸ್ಕೃತಿಯ ಮೊದಲ ಫಲವಾಗಿ ಹೆಣ್ಣು ಮಗು ಜನಿಸಿದೆ. ತಾಯಿ, ಮಗು ಹಾಗೂ ಗೋಡೆ ಕ್ಷೇಮ. ಜಾಕೆಟ್ ಕೊಳೆ ಮಾಡಿಕೊಂಡವರಿಗೆ ಎಚ್ಚರಿಕೆ ನೀಡಲಾಗಿದೆ.’

ಕತ್ತಲಾಗುವ ಮುಂಚೆ ಅಧಿಕಾರಿಗಳು ಎಂದಿನಂತೆ ಕೇಳಿದರು, “ಇನ್ನೂ ಕೆಡವಿಲ್ವೇನಯ್ಯಾ?”

“ನೀವೇ ಉದ್ಘಾಟನೆ ಮಾಡಿಸಿದ ಆಸ್ಪತ್ರೆ ಸಾರ್. ಹೇಗೆ ಕೆಡವಲಿ?”

ಅಧಿಕಾರಿಗಳು ಯೋಚಿಸಿ ಒಪ್ಪಿದರು. ಹೆರಿಗೆಯಾದರೆ ಗೋಡೆ ಉಳಿಯುತ್ತದೆ, ಒಂದು ಹೆರಿಗೆಗೆ ಒಂದು ಗೋಡೆ ಎಂಬ ನಿಯಮ ಹೀಗೆ ಜಾರಿಗೆ ಬಂತು.

ಈಗ ಮೇಸ್ತ್ರಿ ಬೆಳಗ್ಗೆ ಮೊಮ್ಮಗಳನ್ನು ಆಡಿಸಿ, ಬಳಿಕ ಮನೆಮನೆಗೆ ಹೋಗಿ ಯಾರಾದರೂ ಬಸುರಿಯರಿದ್ದಾರೆಯೇ ಎಂದು ವಿಚಾರಿಸುತ್ತಾನೆ. ಆಸ್ಪತ್ರೆಗೆ ಇನ್ನೂ ಮೂರು ಗೋಡೆ ಆಗಬೇಕಲ್ಲ. ಜನರೂ ಸಹಕರಿಸುತ್ತಿದ್ದಾರೆ. ಮೂಲೆಮನೆಯಾಕೆ ಬಾಗಿಲಲ್ಲೇ ನಿಲ್ಲಿಸಿ, “ನಮ್ಮ ಸೊಸೆಗೆ ಕಿಟಕಿ ಇರೋ ಗೋಡೆನೇ ಬೇಕಪ್ಪಾ” ಎಂದು ಹೇಳಿಟ್ಟಿದ್ದಾಳೆ. ಸೂರಿಗೆ ಮಾತ್ರ ಅವಳಿ ಮಕ್ಕಳೇ ಆಗಬೇಕೆಂದು ಗಾರೆ ಅಕ್ಕನ ಅಂದಾಜು.